ದೈನಂದಿನ ಪ್ರಯಾಣ ಮತ್ತು ಹಸಿರುಮನೆ ಅನಿಲಗಳು

ಕೆಲಸ, ಶಾಲೆ, ಸಂತೆ, ಆಸ್ಪತ್ರೆ ಮೊದಲಾದ ನಿತ್ಯದ ಅಗತ್ಯಗಳಿಗಾಗಿ ಜನರು ಕೈಗೊಳ್ಳುವ ಪ್ರಯಾಣವನ್ನು ದೈನಂದಿನ ಪ್ರಯಾಣ ಎನ್ನಲಾಗುತ್ತದೆ. ಇದಕ್ಕೆ ಬಳಕೆಯಾಗುವ ಬೈಕು, ಕಾರು, ಆಟೋರಿಕ್ಷಾ, ಬಸ್ಸು, ರೈಲುಗಳಿಂದ ನೇರವಾಗಿ ಅಥವಾ ಪರೋಕ್ಷವಾಗಿ ಹಸಿರುಮನೆ ಅನಿಲಗಳು ವಾತಾವರಣವನ್ನು ಸೇರುತ್ತವೆ. ಈ ಹೊರಸೂಸುವಿಕೆಯನ್ನು ತಗ್ಗಿಸುವ ಮಾರ್ಗಗಳಲ್ಲಿ ಕೆಲವು ವ್ಯಕ್ತಿಯ ಆಯ್ಕೆಯನ್ನು ಅವಲಂಬಿಸಿವೆ. ಉಳಿದವು ಬಸ್ಸಿನ ವೇಳಾಪಟ್ಟಿ, ರಸ್ತೆ, ವಿದ್ಯುತ್ ಮತ್ತು ಸರ್ಕಾರಿ ಸೇವೆಗಳ ವ್ಯವಸ್ಥೆಯನ್ನು ಅವಲಂಬಿಸಿವೆ. ಈ ಲೇಖನವು ವಿಷಯವನ್ನು ಕರ್ನಾಟಕದ ಹಿನ್ನೆಲೆಯಲ್ಲಿ, ವಿಶೇಷವಾಗಿ ಹಾಸನ ಜಿಲ್ಲೆಯ ಆಲೂರು ಮತ್ತು ಸಕಲೇಶಪುರ ತಾಲ್ಲೂಕುಗಳ ಮಲೆನಾಡು ಪ್ರದೇಶದ ಉದಾಹರಣೆಯೊಂದಿಗೆ ವಿವರಿಸುತ್ತದೆ.

ಹಿನ್ನೆಲೆ

ಪೆಟ್ರೋಲ್ ಮತ್ತು ಡೀಸೆಲ್‌ಗಳು ಮುಖ್ಯವಾಗಿ ಇಂಗಾಲ ಮತ್ತು ಜಲಜನಕಗಳಿಂದ ಕೂಡಿದ ಇಂಧನಗಳು. ಎಂಜಿನ್ನಿನಲ್ಲಿ ಇವು ಉರಿಯುವಾಗ ಇಂಗಾಲವು ಗಾಳಿಯಲ್ಲಿರುವ ಆಮ್ಲಜನಕದೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 750 ಗ್ರಾಂ. ಆದರೆ ಅದು ಪೂರ್ಣವಾಗಿ ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಉತ್ಪತ್ತಿಯಾಗುತ್ತದೆ. ಹೆಚ್ಚುವರಿ ತೂಕವು ಗಾಳಿಯಿಂದ ಸೇರಿದ ಆಮ್ಲಜನಕದ್ದು. ಒಂದು ಲೀಟರ್ ಡೀಸೆಲ್‌ನಿಂದ ಸುಮಾರು 2.7 ಕಿಲೋಗ್ರಾಂ ಹೊರಬರುತ್ತದೆ. ಇದರೊಂದಿಗೆ ಅಲ್ಪ ಪ್ರಮಾಣದಲ್ಲಿ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಕೂಡ ಹೊರಬೀಳುತ್ತವೆ. ಕಾರಿನ ಹವಾನಿಯಂತ್ರಕದಿಂದ ಸೋರುವ ಶೀತಕ ಅನಿಲಗಳೂ ಹಸಿರುಮನೆ ಪರಿಣಾಮವನ್ನು ಹೆಚ್ಚಿಸುತ್ತವೆ.

ಜಗತ್ತಿನ ಒಟ್ಟು ಹಸಿರುಮನೆ ಅನಿಲ ಹೊರಸೂಸುವಿಕೆಯಲ್ಲಿ ಸಾರಿಗೆ ಕ್ಷೇತ್ರದ ನೇರ ಪಾಲು 2019ರಲ್ಲಿ ಸುಮಾರು ಶೇ. 15ರಷ್ಟಿತ್ತು. ಭಾರತದಲ್ಲಿ ಸಾರಿಗೆಯಿಂದಾಗುವ ಹೊರಸೂಸುವಿಕೆಯ ಬಹುಪಾಲು ರಸ್ತೆ ವಾಹನಗಳಿಂದಲೇ ಬರುತ್ತದೆ. ಭಾರತವು 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನು ಸಾಧಿಸುವ ಗುರಿಯನ್ನು 2021ರ ಗ್ಲ್ಯಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಪ್ರಕಟಿಸಿತು.

ವಾಹನದ ಹೊಗೆಯನ್ನು ಕುರಿತ ಎರಡು ಬೇರೆ ಸಮಸ್ಯೆಗಳನ್ನು ಸಾಮಾನ್ಯವಾಗಿ ಒಂದೇ ಎಂದು ಭಾವಿಸಲಾಗುತ್ತದೆ. ಮಸಿಯ ಕಣ, ಇಂಗಾಲದ ಮಾನಾಕ್ಸೈಡ್ ಮೊದಲಾದವು ಸ್ಥಳೀಯ ಗಾಳಿಯನ್ನು ಕೆಡಿಸಿ ಆರೋಗ್ಯಕ್ಕೆ ಹಾನಿ ಮಾಡುತ್ತವೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಯಾದ ಬಿಎಸ್-6 ಮಾನದಂಡವು ಮುಖ್ಯವಾಗಿ ಇಂತಹ ಮಾಲಿನ್ಯವನ್ನು ನಿಯಂತ್ರಿಸುತ್ತದೆ. ಇಂಗಾಲದ ಡೈಆಕ್ಸೈಡ್ ಪ್ರಮಾಣವಾದರೋ ಉರಿದ ಇಂಧನದ ಪ್ರಮಾಣವನ್ನೇ ಅವಲಂಬಿಸುತ್ತದೆ. ಆದ್ದರಿಂದ ಹೊಗೆ ತಪಾಸಣೆಯಲ್ಲಿ ಉತ್ತೀರ್ಣವಾದ ವಾಹನವೂ ತಾನು ಕುಡಿದ ಇಂಧನಕ್ಕೆ ತಕ್ಕಷ್ಟು ಇಂಗಾಲದ ಡೈಆಕ್ಸೈಡನ್ನು ಹೊರಹಾಕಿಯೇ ತೀರುತ್ತದೆ.

ಹೊರಸೂಸುವಿಕೆಯ ಲೆಕ್ಕ

ಪ್ರಯಾಣದ ವಿಧಾನಗಳನ್ನು ಹೋಲಿಸಲು ವಾಹನದ ಒಟ್ಟು ಹೊರಸೂಸುವಿಕೆಗಿಂತ ಒಬ್ಬ ಪ್ರಯಾಣಿಕನಿಗೆ ಒಂದು ಕಿಲೋಮೀಟರಿಗೆ ಎಷ್ಟು ಎಂಬ ಅಳತೆ ಹೆಚ್ಚು ಉಪಯುಕ್ತ. ಇಂಧನದ ಮೈಲೇಜು ತಿಳಿದಿದ್ದರೆ ಇದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು: ಒಂದು ಲೀಟರಿನಿಂದ ಬರುವ ಇಂಗಾಲದ ಡೈಆಕ್ಸೈಡನ್ನು ಮೈಲೇಜಿನಿಂದ ಭಾಗಿಸಿ, ಬಂದ ಉತ್ತರವನ್ನು ವಾಹನದಲ್ಲಿರುವ ಜನರ ಸಂಖ್ಯೆಯಿಂದ ಭಾಗಿಸಬೇಕು. ವಿದ್ಯುತ್ ವಾಹನಕ್ಕೆ ಬಳಸಿದ ಯೂನಿಟ್‌ಗಳನ್ನು ಲೆಕ್ಕ ಹಾಕಬೇಕು. ಭಾರತದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ ಉತ್ಪಾದನೆಗೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಈ ಕೆಳಗಿನವು ಮಾದರಿ ಲೆಕ್ಕಗಳು. ಮೈಲೇಜು, ರಸ್ತೆಯ ಏರು ಮತ್ತು ವಾಹನದ ಸ್ಥಿತಿಗೆ ತಕ್ಕಂತೆ ಇವು ಬದಲಾಗುತ್ತವೆ.

* ಲೀಟರಿಗೆ 15 ಕಿ.ಮೀ. ಓಡುವ ಪೆಟ್ರೋಲ್ ಕಾರು, ಒಬ್ಬರೇ ಇದ್ದಾಗ: ಸುಮಾರು 153 ಗ್ರಾಂ
* ಅದೇ ಕಾರಿನಲ್ಲಿ ನಾಲ್ವರು ಇದ್ದಾಗ: ತಲಾ ಸುಮಾರು 38 ಗ್ರಾಂ
* 100 ಕಿ.ಮೀ.ಗೆ 15 ಯೂನಿಟ್ ಬಳಸುವ ವಿದ್ಯುತ್ ಕಾರು, ಒಬ್ಬರೇ ಇದ್ದಾಗ: ಸುಮಾರು 105 ಗ್ರಾಂ
* ಲೀಟರಿಗೆ 50 ಕಿ.ಮೀ. ಓಡುವ ಬೈಕು, ಒಬ್ಬರೇ ಇದ್ದಾಗ: ಸುಮಾರು 46 ಗ್ರಾಂ, ಇಬ್ಬರಿದ್ದಾಗ ತಲಾ 23 ಗ್ರಾಂ
* 100 ಕಿ.ಮೀ.ಗೆ 3 ಯೂನಿಟ್ ಬಳಸುವ ವಿದ್ಯುತ್ ಸ್ಕೂಟರ್, ಒಬ್ಬರೇ ಇದ್ದಾಗ: ಸುಮಾರು 21 ಗ್ರಾಂ
* ಲೀಟರಿಗೆ 4.5 ಕಿ.ಮೀ. ಓಡುವ ಡೀಸೆಲ್ ಬಸ್ಸು, 40 ಪ್ರಯಾಣಿಕರಿದ್ದಾಗ: ತಲಾ ಸುಮಾರು 15 ಗ್ರಾಂ, 8 ಪ್ರಯಾಣಿಕರಿದ್ದಾಗ ತಲಾ 75 ಗ್ರಾಂ
* ನಡಿಗೆ ಮತ್ತು ಬೈಸಿಕಲ್: ಇಂಧನದ ಹೊರಸೂಸುವಿಕೆ ಇಲ್ಲ

ಹಾಸನದಿಂದ ಸಕಲೇಶಪುರಕ್ಕೆ ರಸ್ತೆಯಲ್ಲಿ ಸುಮಾರು 40 ಕಿ.ಮೀ. ದೂರವಿದೆ. ತಿಂಗಳಿಗೆ 25 ದಿನ ಹೋಗಿಬರುವ ನೌಕರರೊಬ್ಬರ ಪ್ರಯಾಣ 2,000 ಕಿ.ಮೀ. ಆಗುತ್ತದೆ. ಮೇಲಿನ ಮಾದರಿಯಂತೆ, ಒಬ್ಬರೇ ಪೆಟ್ರೋಲ್ ಕಾರಿನಲ್ಲಿ ಓಡಾಡಿದರೆ ತಿಂಗಳಿಗೆ ಸುಮಾರು 307 ಕಿಲೋಗ್ರಾಂ, ಬೈಕಿನಲ್ಲಾದರೆ 92 ಕಿಲೋಗ್ರಾಂ, ತುಂಬಿದ ಬಸ್ಸಿನಲ್ಲಾದರೆ 30 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಅವರ ಪಾಲಿಗೆ ಬರುತ್ತದೆ. ಕಾರಿನ ಲೆಕ್ಕ ವರ್ಷಕ್ಕೆ ಸುಮಾರು 3.7 ಟನ್. ಭಾರತದಲ್ಲಿ ಎಲ್ಲ ಉದ್ದೇಶಗಳಿಗೂ ಸೇರಿ ಒಬ್ಬ ವ್ಯಕ್ತಿಯ ಸರಾಸರಿ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ವರ್ಷಕ್ಕೆ ಸುಮಾರು 2 ಟನ್ ಎಂಬುದನ್ನು ಇದರೊಂದಿಗೆ ಹೋಲಿಸಬಹುದು.

ಈ ಲೆಕ್ಕಗಳಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಯಾವ ಎಂಜಿನ್ ಎಂಬುದರಷ್ಟೇ ಎಷ್ಟು ಜನ ಕುಳಿತಿದ್ದಾರೆ ಎಂಬುದೂ ಮುಖ್ಯ. ಒಬ್ಬರೇ ಚಲಾಯಿಸುವ ವಿದ್ಯುತ್ ಕಾರಿಗಿಂತ ನಾಲ್ವರು ಹಂಚಿಕೊಂಡ ಪೆಟ್ರೋಲ್ ಕಾರಿನಲ್ಲಿ ತಲಾ ಹೊರಸೂಸುವಿಕೆ ಕಡಿಮೆ. ಎರಡನೆಯದಾಗಿ, ಬಸ್ಸಿನ ಲಾಭವು ಅದು ತುಂಬಿದಾಗ ಮಾತ್ರ ದೊರೆಯುತ್ತದೆ. ಒಂಟಿ ಬೈಕ್ ಸವಾರಿಗಿಂತ ಬಸ್ಸು ಉತ್ತಮವಾಗಬೇಕಾದರೆ ಅದರಲ್ಲಿ ಕನಿಷ್ಠ 14 ಮಂದಿಯಾದರೂ ಇರಬೇಕು.

ಕಡಿತದ ವಿಧಾನಗಳು

ಸಾರಿಗೆ ಯೋಜನೆಯಲ್ಲಿ ಹೊರಸೂಸುವಿಕೆಯ ಕಡಿತವನ್ನು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ವಿವರಿಸಲಾಗುತ್ತದೆ: ಅನಗತ್ಯ ಪ್ರಯಾಣವನ್ನು ತಪ್ಪಿಸುವುದು, ಅಗತ್ಯ ಪ್ರಯಾಣವನ್ನು ಕಡಿಮೆ ಹೊರಸೂಸುವ ವಿಧಾನಕ್ಕೆ ಬದಲಿಸುವುದು, ಉಳಿದ ವಾಹನಗಳ ದಕ್ಷತೆಯನ್ನು ಸುಧಾರಿಸುವುದು.

*ತಪ್ಪಿಸುವುದು*

ಪ್ರಯಾಣವನ್ನು ತಪ್ಪಿಸುವುದೆಂದರೆ ಜನರು ಮನೆಯಲ್ಲೇ ಉಳಿಯಬೇಕೆಂದಲ್ಲ. ಅವರು ಅರಸಿ ಹೋಗುವ ಸೇವೆ ಹತ್ತಿರದಲ್ಲೇ ದೊರೆಯಬೇಕೆಂದು ಅರ್ಥ. ಕರ್ನಾಟಕದಲ್ಲಿ 'ಭೂಮಿ' ಯೋಜನೆಯಿಂದ ಪಹಣಿ ಪತ್ರಗಳು ಗಣಕೀಕೃತವಾದವು. ಹಿಂದೆ ಒಂದು ಪಹಣಿಗಾಗಿ ತಾಲ್ಲೂಕು ಕೇಂದ್ರಕ್ಕೆ ಅಲೆಯಬೇಕಾಗಿದ್ದ ರೈತರು ಈಗ ಅದನ್ನು ಅಂತರ್ಜಾಲದ ಮೂಲಕವೂ ಪಡೆಯಬಹುದು. 2022ರಲ್ಲಿ ರಾಜ್ಯದ ಹಲವು ಜಿಲ್ಲೆಗಳಿಗೆ ವಿಸ್ತರಿಸಿದ 'ಗ್ರಾಮ ಒನ್' ಕೇಂದ್ರಗಳು ಪ್ರಮಾಣಪತ್ರ, ಅರ್ಜಿ ಮೊದಲಾದ ಸೇವೆಗಳನ್ನು ಗ್ರಾಮ ಮಟ್ಟದಲ್ಲಿ ಒದಗಿಸುತ್ತವೆ. ಇವು ಹವಾಮಾನದ ಉದ್ದೇಶದಿಂದ ರೂಪುಗೊಂಡ ಯೋಜನೆಗಳಲ್ಲದಿದ್ದರೂ ಪ್ರಯಾಣವನ್ನು ತಗ್ಗಿಸುತ್ತವೆ. ಸಂತೆಯ ದಿನದಂದೇ ಬ್ಯಾಂಕು, ಗೊಬ್ಬರದಂಗಡಿ, ಕಚೇರಿ ಕೆಲಸಗಳನ್ನೆಲ್ಲ ಮುಗಿಸಿಕೊಂಡು ಬರುವ ಗ್ರಾಮೀಣ ರೂಢಿಯೂ ಹಲವು ಪ್ರಯಾಣಗಳನ್ನು ಒಂದಾಗಿಸುವ ಹಳೆಯ ವಿಧಾನವೇ ಆಗಿದೆ.

*ಬದಲಿಸುವುದು*

ಸಣ್ಣ ದೂರಗಳಿಗೆ ನಡಿಗೆ ಮತ್ತು ಬೈಸಿಕಲ್ ಅತ್ಯಂತ ಪರಿಣಾಮಕಾರಿ ಬದಲಿಗಳು. ತಣ್ಣಗಿನ ಎಂಜಿನ್ ಮೊದಲ ಕೆಲವು ಕಿಲೋಮೀಟರುಗಳಲ್ಲಿ ಹೆಚ್ಚು ಇಂಧನ ಬಳಸುವುದರಿಂದ, ಸಣ್ಣ ಪ್ರಯಾಣಗಳನ್ನು ಕೈಬಿಟ್ಟಾಗ ಆಗುವ ಉಳಿತಾಯ ದೂರದ ಲೆಕ್ಕಕ್ಕಿಂತ ಹೆಚ್ಚಿರುತ್ತದೆ. ಕರ್ನಾಟಕ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗಾಗಿ ಉಚಿತ ಬೈಸಿಕಲ್ ಯೋಜನೆಯನ್ನು ಆರಂಭಿಸಿತು. ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ವಿತರಣೆ ಸ್ಥಗಿತಗೊಂಡಿತು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಬೈಸಿಕಲ್ ಹಂಚಿಕೆ ಸೇವೆ ಆರಂಭವಾಯಿತು.

ಹೆಚ್ಚಿನ ದೂರಗಳಿಗೆ ಬಸ್ಸು ಮತ್ತು ರೈಲು ಪ್ರಮುಖ ಬದಲಿಗಳು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಘರ್ಷಣೆ ಬಹಳ ಕಡಿಮೆ ಇರುವುದರಿಂದ ರೈಲಿಗೆ ಪ್ರತಿ ಪ್ರಯಾಣಿಕನಿಗೆ ಬೇಕಾಗುವ ಶಕ್ತಿ ಕಡಿಮೆ. ವಾಹನ ಹಂಚಿಕೆಯೂ ಇದೇ ಹಂತಕ್ಕೆ ಸೇರುತ್ತದೆ. ಒಂದೇ ಕಚೇರಿ ಅಥವಾ ಶಾಲೆಗೆ ಹೋಗುವ ಸಹೋದ್ಯೋಗಿಗಳು ಸರದಿಯಂತೆ ತಮ್ಮ ವಾಹನಗಳನ್ನು ಬಳಸುವುದು ಇದರ ಸರಳ ರೂಪ. ಆದರೆ ಅನುಮತಿ ಪತ್ರವಿಲ್ಲದ ಖಾಸಗಿ ವಾಹನದಲ್ಲಿ ಬಾಡಿಗೆ ಪಡೆದು ಜನರನ್ನು ಸಾಗಿಸಲು ಮೋಟಾರು ವಾಹನ ಕಾಯ್ದೆ ಅವಕಾಶ ನೀಡುವುದಿಲ್ಲ.

*ಸುಧಾರಿಸುವುದು*

ವಿದ್ಯುತ್ ವಾಹನದ ಮೋಟಾರು ಪಡೆದ ಶಕ್ತಿಯ ಬಹುಭಾಗವನ್ನು ಚಲನೆಗೆ ಬಳಸುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಹೆಚ್ಚಿನ ಭಾಗ ಶಾಖವಾಗಿ ವ್ಯರ್ಥವಾಗುತ್ತದೆ. ಬ್ಯಾಟರಿಯ ತಯಾರಿಕೆಯಲ್ಲಿ ಗಣನೀಯ ಹೊರಸೂಸುವಿಕೆ ಇರುವುದರಿಂದ, ವಾಹನವನ್ನು ಹಲವು ವರ್ಷ ಬಳಸಿದಾಗ ಮಾತ್ರ ಒಟ್ಟಾರೆ ಲಾಭ ಸಿಗುತ್ತದೆ. ಜಲವಿದ್ಯುತ್, ಸೌರ ಮತ್ತು ಪವನ ವಿದ್ಯುತ್ತಿನ ಪಾಲು ಹೆಚ್ಚಿದಂತೆ ಈ ಲಾಭವೂ ಹೆಚ್ಚುತ್ತದೆ. ಕರ್ನಾಟಕದಲ್ಲಿ ಶರಾವತಿಯಂತಹ ಜಲವಿದ್ಯುತ್ ಯೋಜನೆಗಳೂ ಪಾವಗಡದ ಸೌರ ಉದ್ಯಾನವೂ ಇವೆ.

ಜೈವಿಕ ಇಂಧನ ಇನ್ನೊಂದು ಮಾರ್ಗ. ಹಾಸನ ಸಮೀಪದ ಮಡೆನೂರಿನಲ್ಲಿರುವ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವು ಹೊಂಗೆ, ಹಿಪ್ಪೆ, ಬೇವು ಮೊದಲಾದ ಮರಗಳ ಬೀಜದಿಂದ ಇಂಧನ ತಯಾರಿಸುವ ಕಾರ್ಯದಲ್ಲಿ ತೊಡಗಿಕೊಂಡಿದೆ. ಹೊಲದ ಬದು ಮತ್ತು ಪಾಳುಭೂಮಿಯಲ್ಲಿ ಬೆಳೆಯುವ ಹೊಂಗೆಗೆ ಪ್ರತ್ಯೇಕ ಕೃಷಿಭೂಮಿ ಬೇಕಿಲ್ಲ. ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ರಾಷ್ಟ್ರೀಯ ಗುರಿ 2025ರಲ್ಲಿ ಈಡೇರಿತು. ಎಥನಾಲಿನ ಒಂದು ಭಾಗ ಕಬ್ಬಿನಿಂದ ಬರುವುದರಿಂದ ಅದರ ನೀರಿನ ಬಳಕೆಯನ್ನು ಕುರಿತು ಚರ್ಚೆ ಇದೆ.

ಚಾಲನೆಯ ಕ್ರಮವೂ ಇಂಧನ ಬಳಕೆಯನ್ನು ಬದಲಿಸುತ್ತದೆ. ಟೈರುಗಳಲ್ಲಿ ಸರಿಯಾದ ಗಾಳಿ, ಸಮವೇಗದ ಚಾಲನೆ, ನಿಂತಾಗ ಎಂಜಿನ್ ಆರಿಸುವುದು, ಅನಗತ್ಯ ಭಾರವನ್ನು ಇಳಿಸುವುದು ಇವುಗಳಲ್ಲಿ ಮುಖ್ಯವಾದವು. ಘಟ್ಟದ ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ಹಾಕಿದರೆ ಇಂಧನ ಉಳಿಯುತ್ತದೆ ಎಂಬ ನಂಬಿಕೆ ಪ್ರಚಲಿತವಾಗಿದ್ದರೂ ಅದು ಸರಿಯಲ್ಲ. ಇಂದಿನ ಇಂಧನ ಚುಚ್ಚು ವ್ಯವಸ್ಥೆಯ ಎಂಜಿನ್‌ಗಳಲ್ಲಿ ಗೇರಿನಲ್ಲಿಯೇ ಇಳಿಯುವಾಗ ಇಂಧನದ ಪೂರೈಕೆ ಬಹುತೇಕ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಿರುಗುತ್ತಿರಲು ಇಂಧನ ಉರಿಯುತ್ತಲೇ ಇರುತ್ತದೆ. ಅಲ್ಲದೆ ಎಂಜಿನ್ನಿನ ಹಿಡಿತ ತಪ್ಪಿ ಬ್ರೇಕುಗಳು ಕಾದು ವಿಫಲವಾಗುವ ಅಪಾಯವಿದೆ. ಹಲವು ವಿದ್ಯುತ್ ವಾಹನಗಳು ಇಳಿಜಾರಿನಲ್ಲಿ ಚಲನೆಯ ಶಕ್ತಿಯ ಒಂದು ಭಾಗವನ್ನು ಮರಳಿ ಬ್ಯಾಟರಿಗೆ ತುಂಬಿಸಿಕೊಳ್ಳುತ್ತವೆ.

ಕರ್ನಾಟಕದಲ್ಲಿನ ಬೆಳವಣಿಗೆಗಳು

ರಾಜ್ಯದ ಸರ್ಕಾರಿ ಬಸ್ ಸೇವೆಯ ಮೂಲ 1948ರಲ್ಲಿ ಸ್ಥಾಪನೆಯಾದ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆಯಲ್ಲಿದೆ. 1961ರಲ್ಲಿ ಇದು ನಿಗಮವಾಯಿತು. 1997ರಲ್ಲಿ ಬೆಂಗಳೂರು ನಗರಕ್ಕೆ ಪ್ರತ್ಯೇಕ ಸಾರಿಗೆ ಸಂಸ್ಥೆಯಾಗಿ ಬಿಎಂಟಿಸಿ ರೂಪುಗೊಂಡಿತು. ಬಿಎಂಟಿಸಿಯು 2010ರ ಫೆಬ್ರವರಿಯಿಂದ ಪ್ರತಿ ತಿಂಗಳ 4ರಂದು 'ಬಸ್ ದಿನ' ಆಚರಿಸಿ, ಸ್ವಂತ ವಾಹನಗಳನ್ನು ಬಿಟ್ಟು ಬಸ್ಸಿನಲ್ಲಿ ಪ್ರಯಾಣಿಸುವಂತೆ ಜನರನ್ನು ಕೋರಿತು.

ಬೆಂಗಳೂರಿನಲ್ಲಿ ತಯಾರಾದ 'ರೇವಾ' ವಿದ್ಯುತ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂತು. 2011ರ ಅಕ್ಟೋಬರ್ 20ರಂದು 'ನಮ್ಮ ಮೆಟ್ರೋ'ದ ಮೊದಲ ಭಾಗ ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಯ ನಡುವೆ ಆರಂಭವಾಯಿತು. 2014ರಲ್ಲಿ ಬಿಎಂಟಿಸಿ ವಿದ್ಯುತ್ ಬಸ್ಸನ್ನು ಪ್ರಾಯೋಗಿಕವಾಗಿ ಓಡಿಸಿತು. 2017ರಲ್ಲಿ ಕರ್ನಾಟಕವು ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ದೇಶದ ಮೊದಲ ರಾಜ್ಯವಾಯಿತು.

2023ರ ಜೂನ್ 11ರಂದು ಜಾರಿಯಾದ 'ಶಕ್ತಿ' ಯೋಜನೆಯು ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವನ್ನು ಕಲ್ಪಿಸಿತು. ಯೋಜನೆಯ ಉದ್ದೇಶ ಸಾಮಾಜಿಕವಾದುದು. ಹೊರಸೂಸುವಿಕೆಯ ದೃಷ್ಟಿಯಿಂದ ಅದರ ಫಲಿತಾಂಶ ಎರಡು ಅಂಶಗಳನ್ನು ಅವಲಂಬಿಸುತ್ತದೆ: ಹೊಸ ಪ್ರಯಾಣಿಕರಲ್ಲಿ ಎಷ್ಟು ಮಂದಿ ಬೈಕು ಅಥವಾ ಆಟೋ ಬಿಟ್ಟು ಬಂದವರು ಮತ್ತು ಎಷ್ಟು ಪ್ರಯಾಣಗಳು ಹೊಸದಾಗಿ ಸೇರಿದವು. ಈಗಾಗಲೇ ಓಡುತ್ತಿರುವ ಬಸ್ಸಿನ ಖಾಲಿ ಸೀಟು ತುಂಬಿದಾಗ ಹೆಚ್ಚುವರಿ ಡೀಸೆಲ್ ಖರ್ಚು ಅತ್ಯಲ್ಪ.

ಆಲೂರು ಮತ್ತು ಸಕಲೇಶಪುರ ಪ್ರದೇಶ

*ಸಾರಿಗೆಯ ಸ್ವರೂಪ*

ಹಾಸನ ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಈ ಎರಡು ತಾಲ್ಲೂಕುಗಳಲ್ಲಿ ಕಾಫಿ, ಕಾಳುಮೆಣಸು, ಏಲಕ್ಕಿ ಮತ್ತು ಭತ್ತ ಮುಖ್ಯ ಬೆಳೆಗಳು. ಬೆಂಗಳೂರು ಮತ್ತು ಮಂಗಳೂರನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 75 ಮತ್ತು ಹಾಸನ–ಮಂಗಳೂರು ರೈಲು ಮಾರ್ಗ ಎರಡೂ ಈ ಪ್ರದೇಶದ ಮೂಲಕ ಹಾದುಹೋಗುತ್ತವೆ. ಆಲೂರು ಮತ್ತು ಸಕಲೇಶಪುರಗಳಲ್ಲಿ ರೈಲು ನಿಲ್ದಾಣಗಳಿವೆ.

ಆದರೆ ಮನೆಗಳು ತೋಟಗಳ ನಡುವೆ ಚದುರಿರುವುದರಿಂದ ಹೆದ್ದಾರಿಯ ಸೌಲಭ್ಯ ಎಲ್ಲರಿಗೂ ಸಮನಾಗಿ ದೊರೆಯುವುದಿಲ್ಲ. ಆಲೂರು ತಾಲ್ಲೂಕಿನ ಮಗ್ಗೆಯಂತಹ ಊರುಗಳ ಜನರು ತಾಲ್ಲೂಕು ಕಚೇರಿಯ ಕೆಲಸಕ್ಕೆ ಆಲೂರಿಗೆ, ಜಿಲ್ಲಾ ಮಟ್ಟದ ಕಚೇರಿ, ವೈದ್ಯಕೀಯ ಕಾಲೇಜು ಆಸ್ಪತ್ರೆ ಮತ್ತು ಉನ್ನತ ಶಿಕ್ಷಣಕ್ಕೆ ಹಾಸನಕ್ಕೆ ಹೋಗಬೇಕಾಗುತ್ತದೆ. ಒಳರಸ್ತೆಗಳಲ್ಲಿ ಬಸ್ಸುಗಳ ಸಂಖ್ಯೆ ಕಡಿಮೆಯಾದಂತೆ ಜನರು ಬೈಕು, ಆಟೋ ಮತ್ತು ಜೀಪುಗಳನ್ನು ಅವಲಂಬಿಸುತ್ತಾರೆ. ತೋಟದ ಕಾರ್ಮಿಕರು ಹಲವರು ಸೇರಿ ಒಂದೇ ಜೀಪಿನಲ್ಲಿ ಪ್ರಯಾಣಿಸುವುದು ಇಲ್ಲಿ ಸಾಮಾನ್ಯ. ತಲಾ ಲೆಕ್ಕದಲ್ಲಿ ಇದು ಕಡಿಮೆ ಹೊರಸೂಸುವ ಪ್ರಯಾಣವಾದರೂ, ಮಿತಿಮೀರಿ ಜನರನ್ನು ತುಂಬಿದಾಗ ಅಪಾಯಕಾರಿ.

*ರೈಲು ಮಾರ್ಗ*

ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ಪೂರ್ಣಗೊಂಡಿತು. ಬ್ರಾಡ್ ಗೇಜ್ ಪರಿವರ್ತನೆಗಾಗಿ 1996ರಲ್ಲಿ ಘಟ್ಟ ಭಾಗದ ಸಂಚಾರ ನಿಂತಿತು. ಸರಕು ರೈಲುಗಳು 2006ರಲ್ಲಿ, ಪ್ರಯಾಣಿಕರ ರೈಲುಗಳು 2007ರ ಡಿಸೆಂಬರ್‌ನಲ್ಲಿ ಮತ್ತೆ ಆರಂಭವಾದವು. ಹೀಗೆ ಒಂದು ದಶಕಕ್ಕೂ ಹೆಚ್ಚು ಕಾಲ ಘಟ್ಟದ ಪ್ರಯಾಣಿಕರಿಗೆ ರಸ್ತೆಯೊಂದೇ ದಾರಿಯಾಗಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿ.ಮೀ. ಘಟ್ಟ ಭಾಗದಲ್ಲಿ 50ಕ್ಕೂ ಹೆಚ್ಚು ಸುರಂಗಗಳೂ 100ಕ್ಕೂ ಹೆಚ್ಚು ಸೇತುವೆಗಳೂ ಇವೆ. 2017ರ ಮಾರ್ಚ್‌ನಲ್ಲಿ ಶ್ರವಣಬೆಳಗೊಳ ಮಾರ್ಗವಾಗಿ ಬೆಂಗಳೂರು–ಹಾಸನ ನೇರ ರೈಲು ಸಂಪರ್ಕ ಆರಂಭವಾಯಿತು. 2021ರ ಜುಲೈನಲ್ಲಿ ಯಶವಂತಪುರ–ಮಂಗಳೂರು ಹಗಲು ರೈಲಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಲಾಯಿತು. ವಾರಾಂತ್ಯದಲ್ಲಿ ಕಾರುಗಳಲ್ಲಿ ಬರುವ ಪ್ರವಾಸಿಗರಿಗೆ ಇದು ಒಂದು ಬದಲಿ ಮಾರ್ಗ.

*ಹವಾಮಾನದೊಂದಿಗೆ ಸಂಬಂಧ*

ಈ ಪ್ರದೇಶದ ಜೀವನೋಪಾಯ ಮಳೆಯ ಕಾಲಕ್ರಮವನ್ನು ನಿಕಟವಾಗಿ ಅವಲಂಬಿಸಿದೆ. ಕಾಫಿ ಗಿಡದ ಮೊಗ್ಗು ಅರಳಲು ಬೇಸಿಗೆಯ ಆರಂಭದಲ್ಲಿ ಬೀಳುವ ಹೂಮಳೆ ಅಗತ್ಯ. ಅದು ತಡವಾದರೆ ಅಥವಾ ಕೊಯ್ಲಿನ ಹಾಗೂ ಒಣಗಿಸುವ ಸಮಯದಲ್ಲಿ ಅಕಾಲಿಕ ಮಳೆ ಸುರಿದರೆ ಬೆಳೆಗಾರರಿಗೂ ಕೂಲಿಕಾರರಿಗೂ ನಷ್ಟವಾಗುತ್ತದೆ. 2018ರ ಆಗಸ್ಟ್‌ನ ಭಾರಿ ಮಳೆಯಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲು ಮಾರ್ಗ ಮತ್ತು ಶಿರಾಡಿ ಘಾಟಿ ರಸ್ತೆ ಎರಡಕ್ಕೂ ಭೂಕುಸಿತದಿಂದ ಹಾನಿಯಾಯಿತು. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಭೂಕುಸಿತ ಸಂಭವಿಸಿ ರೈಲು ಸಂಚಾರ ಹಲವು ದಿನ ಸ್ಥಗಿತಗೊಂಡಿತು. ಯಾವುದೇ ಒಂದು ಘಟನೆಗೆ ಹವಾಮಾನ ಬದಲಾವಣೆಯೊಂದೇ ಕಾರಣವೆಂದು ಹೇಳಲಾಗದು; ಇಳಿಜಾರನ್ನು ಕಡಿದು ಮಾಡುವ ಕಾಮಗಾರಿಗಳೂ ಭೂಕುಸಿತಕ್ಕೆ ಕಾರಣವಾಗುತ್ತವೆ. ಆದರೆ ಭೂಮಿಯ ಉಷ್ಣತೆ ಏರಿದಂತೆ ಅತಿವೃಷ್ಟಿಯ ಘಟನೆಗಳು ಹೆಚ್ಚುತ್ತವೆ ಎಂಬುದು ವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ. ಹೀಗಾಗಿ ಕಡಿಮೆ ಹೊರಸೂಸುವ ರೈಲು ಸಾರಿಗೆಯೇ ಹವಾಮಾನ ವೈಪರೀತ್ಯಕ್ಕೆ ಮೊದಲು ತುತ್ತಾಗುವ ಸ್ಥಿತಿ ಇಲ್ಲಿದೆ.

ಮಿತಿಗಳು ಮತ್ತು ಚರ್ಚೆ

ನಗರಗಳಿಗೆ ಸೂಚಿಸುವ ಪರಿಹಾರಗಳು ಮಲೆನಾಡಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಆಲೂರು–ಸಕಲೇಶಪುರ ಭಾಗದಲ್ಲಿ ಕಾಡಾನೆಗಳ ಸಂಚಾರ ಹೆಚ್ಚಾಗಿದ್ದು, ಮುಂಜಾನೆ ಮತ್ತು ಸಂಜೆಯ ಹೊತ್ತು ನಡೆದು ಅಥವಾ ಬೈಸಿಕಲ್‌ನಲ್ಲಿ ಹೋಗುವುದು ಪ್ರಾಣಾಪಾಯಕ್ಕೆ ಕಾರಣವಾಗಬಹುದು. ಆನೆ ದಾಳಿಯಲ್ಲಿ ತೋಟದ ಕಾರ್ಮಿಕರೂ ದಾರಿಹೋಕರೂ ಮೃತಪಟ್ಟ ಘಟನೆಗಳು ಈ ತಾಲ್ಲೂಕುಗಳಲ್ಲಿ ಮತ್ತೆ ಮತ್ತೆ ನಡೆದಿವೆ. ಅರಣ್ಯ ಇಲಾಖೆಯು ಆನೆಗಳ ಇರುವಿಕೆಯನ್ನು ಮೊಬೈಲ್ ಸಂದೇಶಗಳ ಮೂಲಕ ತಿಳಿಸುವ ವ್ಯವಸ್ಥೆಯನ್ನು ಮಾಡಿದೆ. ಇಂತಹ ಕಡೆ ಶಾಲಾ ಮಕ್ಕಳನ್ನು ವಾಹನದಲ್ಲಿ ಕಳುಹಿಸುವುದು ಸುರಕ್ಷತೆಯ ಪ್ರಶ್ನೆ. ಮುಂಗಾರಿನ ದೀರ್ಘ ಮಳೆ, ಕಡಿದಾದ ಏರು ಮತ್ತು ಮಳೆಗಾಲದ ವಿದ್ಯುತ್ ವ್ಯತ್ಯಯಗಳು ಬೈಸಿಕಲ್ ಹಾಗೂ ವಿದ್ಯುತ್ ವಾಹನಗಳ ಬಳಕೆಯನ್ನು ಮಿತಗೊಳಿಸುತ್ತವೆ.

ಬಸ್ಸಿನ ವಿಷಯದಲ್ಲಿ ಒಂದು ವಿಷಚಕ್ರ ಕಂಡುಬರುತ್ತದೆ. ಬಸ್ಸು ವಿರಳವಾದರೆ ಜನರು ಬೈಕು ಕೊಳ್ಳುತ್ತಾರೆ. ಪ್ರಯಾಣಿಕರು ಕಡಿಮೆಯಾದಾಗ ಬಸ್ಸಿನ ಸುತ್ತುಗಳು ಇನ್ನಷ್ಟು ಇಳಿಯುತ್ತವೆ. ಸಂಜೆಯ ಕೊನೆಯ ಬಸ್ಸು ಇಲ್ಲವೆಂದಾದರೆ ಬೆಳಿಗ್ಗೆಯ ಬಸ್ಸು ಇದ್ದರೂ ಜನರು ಸ್ವಂತ ವಾಹನವನ್ನೇ ಆರಿಸಿಕೊಳ್ಳುತ್ತಾರೆ, ಏಕೆಂದರೆ ಮನೆಗೆ ಮರಳುವ ಭರವಸೆ ಬೇಕು. ಆದ್ದರಿಂದ ಗ್ರಾಮೀಣ ಭಾಗದಲ್ಲಿ ಹೊರಸೂಸುವಿಕೆಯ ಕಡಿತಕ್ಕೆ ಶಾಲೆ, ಕಚೇರಿ ಮತ್ತು ರೈಲಿನ ಸಮಯಕ್ಕೆ ಹೊಂದುವ ವೇಳಾಪಟ್ಟಿ, ನಂಬಿಕೆಗೆ ಅರ್ಹವಾದ ಕೊನೆಯ ಬಸ್ಸು ಮತ್ತು ರಸ್ತೆಗೆ ತಕ್ಕ ಚಿಕ್ಕ ಬಸ್ಸುಗಳು ವಾಹನ ತಂತ್ರಜ್ಞಾನದಷ್ಟೇ ಮಹತ್ವದವು.

ಹೊಣೆಗಾರಿಕೆಯ ಪ್ರಶ್ನೆಯೂ ಚರ್ಚೆಯಲ್ಲಿದೆ. ವಾರದಲ್ಲಿ ಒಮ್ಮೆ ಬಸ್ಸಿನಲ್ಲಿ ಸಂತೆಗೆ ಹೋಗಿಬರುವ ಕೂಲಿ ಕಾರ್ಮಿಕರ ಹೊರಸೂಸುವಿಕೆ ಈಗಾಗಲೇ ಅತ್ಯಲ್ಪ. ಅವರ ಅಗತ್ಯ ಪ್ರಯಾಣವನ್ನು ಕಡಿತಗೊಳಿಸುವ ಬದಲು ಹೆಚ್ಚಿಸಬೇಕಾಗಬಹುದು. ಬೇರೆ ಅನುಕೂಲವಿದ್ದೂ ಪ್ರತಿದಿನ ಒಬ್ಬರೇ ಕಾರಿನಲ್ಲಿ ದೂರ ಪ್ರಯಾಣಿಸುವವರಿಂದ ಕಡಿತ ಆರಂಭವಾದರೆ ಪರಿಣಾಮ ಹೆಚ್ಚು. ಮಳೆ ತಪ್ಪಿದಾಗ ಅಥವಾ ಗುಡ್ಡ ಕುಸಿದಾಗ ಮೊದಲು ನಷ್ಟ ಅನುಭವಿಸುವವರು ಸಾಮಾನ್ಯವಾಗಿ ಕಡಿಮೆ ಇಂಧನ ಬಳಸುವವರೇ ಆಗಿರುತ್ತಾರೆ.

ಇವನ್ನೂ ನೋಡಿ

* ಹಸಿರುಮನೆ ಪರಿಣಾಮ
* ಜಾಗತಿಕ ತಾಪಮಾನ ಏರಿಕೆ
* ವಿದ್ಯುತ್ ವಾಹನ
* ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ
* ಶಿರಾಡಿ ಘಾಟಿ
* ಸಕಲೇಶಪುರ
* ಆಲೂರು